ಬ್ಯಾಟರಿಯ ಜಾತಕ

ಲ್ಯಾಪ್‌ಟಾಪ್ ಪರದೆಯ ಮೂಲೆಯಲ್ಲಿ ಶೇ. 100 ಕಂಡಿತೆಂದು ಹಿಗ್ಗಬೇಡಿ. ಅದು ಬ್ಯಾಟರಿಗೆ ಈಗ ಉಳಿದಿರುವ ತ್ರಾಣದ ನೂರು, ಕೊಂಡಾಗಿನ ನೂರಲ್ಲ.

ಅಸಲಿ ಜಾತಕ ಬೇಕೆಂದರೆ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಪವರ್‌ಸಿಎಫ್‌ಜಿ /ಬ್ಯಾಟರಿರಿಪೋರ್ಟ್’ ಎಂದು ಇಂಗ್ಲಿಷಿನಲ್ಲಿ ಟೈಪಿಸಿ ಎಂಟರ್ ಒತ್ತಿ. ವರದಿಯನ್ನು ಎಲ್ಲಿ ಇಟ್ಟಿದ್ದೇನೆಂದು ಅದೇ ಹೇಳುತ್ತದೆ. ಬ್ರೌಸರಿನಲ್ಲಿ ತೆರೆದು ಎರಡು ಸಾಲು ನೋಡಿದರೆ ಸಾಕು. ಡಿಸೈನ್ ಕೆಪಾಸಿಟಿ 50,000 ಮಿಲಿವ್ಯಾಟ್ ಅವರ್, ಫುಲ್ ಚಾರ್ಜ್ ಕೆಪಾಸಿಟಿ 30,000 ಎಂದಿದ್ದರೆ ಉಳಿದಿರುವುದು ಶೇ. 60. ಹುಟ್ಟಿದ ತಾರೀಖು ಮುಚ್ಚಿಡುವ ನೆಂಟರಿಗೂ ಇಂಥದ್ದೊಂದು ಕಮಾಂಡ್ ಇರಬೇಕಿತ್ತು! ಮ್ಯಾಕ್‌ನವರಿಗೆ ಇಷ್ಟು ಮಂತ್ರ ಬೇಡ, ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗದಲ್ಲೇ ಸಿಗುತ್ತದೆ.

“ಸದಾ ಚಾರ್ಜರ್ ಸಿಕ್ಕಿಸಿಯೇ ಇಟ್ಟಿದ್ದೆನಲ್ಲ ಮಾರಾಯ್ರೆ, ಹೇಗೆ ಸವೆಯಿತು?” ಎನ್ನುವವರುಂಟು. ಅದಕ್ಕೇ ಸವೆದದ್ದು. ಲಿಥಿಯಂ-ಅಯಾನ್ ಬ್ಯಾಟರಿಗೆ ಸದಾ ಭರ್ತಿಯಾಗಿರುವುದೂ ಆಗದು, ಸೆಕೆಯೂ ಆಗದು. ಗಾಳಿಕಿಂಡಿ ಮುಚ್ಚುವಂತೆ ಹಾಸಿಗೆ ಮೇಲಿಟ್ಟು ಸರಿರಾತ್ರಿವರೆಗೆ ಸಿನಿಮಾ ನೋಡುವವರೇ, ಕೇಳಿಸಿತೇ? ಹಲವು ಕಂಪನಿಗಳು ಶೇ. 80ಕ್ಕೆ ಚಾರ್ಜ್ ನಿಲ್ಲಿಸುವ ಸೌಲಭ್ಯ ಕೊಟ್ಟಿವೆ. ಆನ್ ಮಾಡುವವರು ಬೇಕಷ್ಟೆ.

ಒಳಗಿನ ಬ್ಯಾಟರಿ ಉಬ್ಬಿ ಟಚ್‌ಪ್ಯಾಡ್ ಮೇಲೆದ್ದಿದ್ದರೆ ಮಾತ್ರ ವರದಿ ಗಿರದಿ ನೋಡುತ್ತ ಕೂರಬೇಡಿ. ಚಾರ್ಜರ್ ಕಿತ್ತು, ಆಫ್ ಮಾಡಿ, ಸೀದಾ ರಿಪೇರಿಯವರ ಹತ್ತಿರ ಒಯ್ಯಿರಿ.