ಹೋಗೂದಕ್ಕಷ್ಟೋ, ಬರೂದಕ್ಕೂ ಸೇರೋ?

ಅಕ್ಕಾರ, ನಿಮ್ಮ ಹುಡುಗ ಮುಂಜಾನಿಂದ ಫೋನ್ ಹಚ್ಚಾಕತ್ಯಾನ, ಕಂಪೌಂಡಿನ ಈಚಿಗೂ ಕೇಳತೈತಿ. ಅಣ್ಣಾರನ್ನ ರಾಯಚೂರಾಗ ಡಿಸ್ಚಾರ್ಜ್ ಮಾಡ್ತಾರಂತಲ್ಲ, ಭಾಳ ಒಳ್ಳೇದಾತು. ಮನಿಗೆ ಕರಕೊಂಡು ಬರಾಕ ಮೂರು ಮಂದಿ ಆಂಬುಲೆನ್ಸ್ ಡ್ರೈವರು ಮೂರು ರೇಟು ಹೇಳ್ಯಾರ, ಕಡಿಮಿ ಹೇಳಿದವನ್ನ ಕರೀಲೇನು ಅಂತೀರಿ. ಸ್ವಲ್ಪ ತಡೀರಿ. ಹುಡುಗ ಮೂವರಿಗೂ ಒಂದೇ ಮಾತು ಕೇಳ್ಯಾನೋ ಇಲ್ಲೋ, ಮೊದಲು ಅದನ್ನ ನೋಡ್ರಿ.

ನಾವಿರೂದು ಮಸ್ಕಿ. ಈ ಕಡೆ ಸಿಂಧನೂರು, ಆ ಕಡೆ ಲಿಂಗಸುಗೂರು, ಎರಡೂ 25-30 ಕಿ.ಮೀ. ದೂರ. ಗಾಡಿ ಸಿಂಧನೂರಿಂದ ಹೊಂಟ್ರ ರಾಯಚೂರಿಗೆ ಖಾಲಿ ಹೋಗಬೇಕು, ಇಲ್ಲಿ ಇಳಿಸಿ ಮತ್ತ ಖಾಲಿ ಊರಿಗೆ ಹೋಗಬೇಕು. ರಾಯಚೂರಿನ ಗಾಡಿನೇ ಹಿಡಿದ್ರ ವಾಪಸ್ ಹೋಗೂದಷ್ಟ ಖಾಲಿ. ಆ ಖಾಲಿ ದಾರಿ ಯಾರ ಲೆಕ್ಕಕ್ಕ? ಜಗಳ ಹುಟ್ಟೂದೇ ಅಲ್ಲಿ. ರಾಯಚೂರಿಂದ ಇಲ್ಲಿಗೆ ದಾರಿ 80 ಕಿ.ಮೀ. ಅಂತ ಹಿಡೀರಿ. ಒಬ್ಬಾವ ಕಿ.ಮೀ.ಗೆ 22 ರೂಪಾಯಿ ಅಂದ, ಆದ್ರ ಹೋಗಿ ಬರೂದು ಎರಡೂ ಸೇರಿಸಿದ: 3,520 ಆತು. ಇನ್ನೊಬ್ಬ 35 ಅಂದ, ಒಂದೇ ಕಡೆ ಹಿಡಿದ: 2,800. ಫೋನಿನಾಗ 22 ಕೇಳಿ ಖುಷಿ ಪಟ್ಟವರು ಮನಿ ಮುಂದ ಗಾಡಿ ನಿಂತಾಗ 720 ಹೆಚ್ಚಿಗಿ ಕೊಡಬೇಕಾಗತೈತಿ. ಡ್ರೈವರ್ ಮೋಸ ಮಾಡ್ಯಾನ ಅನ್ನಾಕ ಆಗಂಗಿಲ್ಲ. ಡೀಸೆಲ್ ಅವನೂ ಹಾಕಿಸಬೇಕಲ್ರಿ. ನಾವು ಕೇಳಿಲ್ಲ, ಅವ ಹೇಳಿಲ್ಲ.

ಇನ್ನ, ಆಂಬುಲೆನ್ಸ್ ಅಂದ್ರ ಎಲ್ಲಾ ಒಂದೇ ಗಾಡಿ ಅಲ್ಲ. ನಮ್ಮ ದೇಶದ ಮಾನದಂಡ ಎಐಎಸ್-125ರಾಗ ಎ, ಬಿ, ಸಿ, ಡಿ ಅಂತ ನಾಲ್ಕು ತರ ಮಾಡ್ಯಾರ. ಬಿ ಅಂದ್ರ ಸ್ಟ್ರೆಚರ್ ಮ್ಯಾಲ ಮಲಗಿಸಿಕೊಂಡು ಒಯ್ಯೂದು. ಡಿ ಅಂದ್ರ ವೆಂಟಿಲೇಟರ್, ಮಾನಿಟರ್ ಎಲ್ಲಾ ಇರೋ ಗಾಡಿ. ಸಿ ಇವೆರಡರ ನಡುವಿಂದು. ಅಣ್ಣಾರಿಗೆ ಲಕ್ವಾ ಹೊಡದು ಈಗ ಸುಧಾರಿಸ್ಯಾರ. ದಾರಿಯಾಗ ಆಕ್ಸಿಜನ್ ಬೇಕೋ, ಜೊತಿಗೆ ನರ್ಸ್ ಬೇಕೋ ಅಂತ ಡಾಕ್ಟರನ್ನ ಕೇಳ್ರಿ, ಡಿಸ್ಚಾರ್ಜ್ ಚೀಟಿಯಾಗ ಬರಸ್ರಿ. ಬ್ಯಾಡಂದ್ರ ಡಿ ಗಾಡಿಗೆ ರೊಕ್ಕ ಸುರೀಬ್ಯಾಡ್ರಿ. ಬೇಕಂದ್ರ ಮಾತ್ರ ಸಾವಿರ ರೂಪಾಯಿ ಉಳಿಸಾಕ ಹೋಗಿ ಸಿಲಿಂಡರ್ ಇಲ್ಲದ ಗಾಡಿ ಹತ್ತಿಸಬ್ಯಾಡ್ರಿ, ನಿಮ್ಮ ಕೈ ಮುಗೀತೀನಿ.

ಟೋಲ್ ಅಂತ ಬ್ಯಾರೆ ಕೇಳಿದ್ರ ಒಪ್ಪಬ್ಯಾಡ್ರಿ. ರಾಷ್ಟ್ರೀಯ ಹೆದ್ದಾರಿಯಾಗ ಆಂಬುಲೆನ್ಸಿಗೆ ಟೋಲ್ ಇಲ್ಲ. ರೋಗಿನ್ನ ಆಂಬುಲೆನ್ಸಿನಾಗ ಒಯ್ಯೂದಕ್ಕ ಜಿಎಸ್‌ಟಿನೂ ಇಲ್ಲ.

ಏನಂದ್ರಿ, 108? 2008ರಿಂದ ನಮ್ಮ ರಾಜ್ಯದಾಗ ಐತಿ, ಪುಕ್ಕಟೆ ಐತಿ. ಆದ್ರ ಅದು ಜೀವಕ್ಕ ಆಪತ್ತು ಬಂದಾಗ ದವಾಖಾನಿಗೆ ಒಯ್ಯಾಕ, ಮನಿಗೆ ಬಿಡಾಕಲ್ಲ. ಬಸುರಿ, ಬಾಣಂತಿ, ಕೂಸಿನ ಮಾತು ಬ್ಯಾರೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಾಗ ಸರ್ಕಾರಿ ದವಾಖಾನಿಗೆ ಕರಕೊಂಡು ಹೋಗೂದು, ಅಲ್ಲಿಂದ ದೊಡ್ಡ ದವಾಖಾನಿಗೆ ಕಳಿಸೂದು, ವಾಪಸ್ ಮನಿಗೆ ಬಿಡೂದು ಎಲ್ಲಾ ಪುಕ್ಕಟೆ. ನಿಮ್ಮ ಸೊಸಿಗೆ ಇದನ್ನ ಈಗೇ ಹೇಳಿ ಇಡ್ರಿ.

ನನಗ ಸಿಟ್ಟು ಬರೂದು ಒಂದಕ್ಕ. ಕೊರೊನಾ ಕಾಲಕ್ಕ, 2020ರ ಸೆಪ್ಟೆಂಬರಿನಾಗ, ಆಂಬುಲೆನ್ಸಿಗೆ ನ್ಯಾಯವಾದ ದರ ಗೊತ್ತು ಮಾಡ್ರಿ ಅಂತ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಿತ್ತು. ರೋಗ ಹೋತು, ಆ ಮಾತೂ ಹೋಗಬೇಕೇನು? ಸಿಂಧನೂರು, ಲಿಂಗಸುಗೂರು, ಮಸ್ಕಿ, ಮೂರೂ ಕಡೆ ಸರ್ಕಾರಿ ದವಾಖಾನಿ ಬಾಗಿಲಿಗೆ ಒಂದು ಬೋರ್ಡ್ ಇರಬೇಕು: ರಾಯಚೂರಿಗೆ ಇಷ್ಟು, ಬಳ್ಳಾರಿಗೆ ಇಷ್ಟು, ಬಾಗಲಕೋಟೆಗೆ ಇಷ್ಟು, ವೇಟಿಂಗ್ ತಾಸಿಗೆ ಇಷ್ಟು. ಅಳಕೋತ ನಿಂತ ಮಂದಿ ಚೌಕಾಸಿ ಮಾಡೂದು ಹೆಂಗ್ರಿ?

ಈಗ ಹುಡುಗನಿಗೆ ಹೇಳ್ರಿ, ಮೂವರಿಗೂ ಮತ್ತೊಮ್ಮೆ ಫೋನ್ ಹಚ್ಚಲಿ. ಯಾವ ಊರಿಂದ ಬರ್ತೀರಿ, ಖಾಲಿ ದಾರಿ ಸೇರೈತೇನು, ವೇಟಿಂಗ್ ಎಷ್ಟು, ಆಕ್ಸಿಜನ್ ಐತೇನು, ಸ್ಟ್ರೆಚರ್ ಹಿಡಿಯಾಕ ಇನ್ನೊಬ್ಬ ಬರ್ತಾನೇನು ಅಂತ ಕೇಳಲಿ. ಕಡೀಕ ಒಟ್ಟು ಎಷ್ಟು ಅಂತ ವಾಟ್ಸಾಪಿನಾಗ ಬರಸಿಕೊಳ್ಳಲಿ. ಬರದು ಕೊಟ್ಟವನಿಗೇ ಗಾಡಿ ಹೇಳ್ರಿ.