ದ್ವಾರಪ್ರವೇಶಾಧಿಕರಣ

ಮೀಮಾಂಸಕರು ಯಾವುದೇ ವಿಚಾರವನ್ನು ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂಬ ಐದು ಅಂಗಗಳಲ್ಲಿಟ್ಟು ಚರ್ಚಿಸುತ್ತಾರೆ. ಇಂಥ ಗಟ್ಟಿ ಚೌಕಟ್ಟು ಕೈಯಲ್ಲಿದ್ದೂ ‘ಗೂಗಲ್ ಮೂಲಕ ಲಾಗಿನ್ ಆಗಿ’ ಎಂಬ ಗುಂಡಿಯ ಬಗ್ಗೆ ಜೈಮಿನಿಯಾಗಲಿ ಶಬರಸ್ವಾಮಿಯಾಗಲಿ ತುಟಿ ಬಿಚ್ಚದಿರುವುದು ವಿಷಾದನೀಯ. ಆ ಕೊರತೆ ನೀಗಿಸಲು ಈ ಕಿರುಭಾಷ್ಯ. ಇದರ ಅಧ್ಯಯನಕ್ಕೆ ಅಧಿಕಾರಿ ಯಾರೆಂದರೆ, ‘ಒಂದು ಸೋಶಿಯಲ್ ಲಾಗಿನ್ ಹಾಕಿಬಿಡಿ, ಏನು ಮಹಾ ಕೆಲಸ’ ಎಂದು ಮ್ಯಾನೇಜರು ಶುಕ್ರವಾರ ಸಂಜೆ ಅಪ್ಪಣೆ ಕೊಡಿಸಿದ್ದನ್ನು ಕಿವಿಯಾರೆ ಕೇಳಿದ ಪ್ರೋಗ್ರಾಮರು.

ವಿಷಯ: ವೆಬ್ ಅಪ್ಲಿಕೇಶನ್ನಿನ ಬಾಗಿಲಲ್ಲಿ ಒಬ್ಬ ನಿಂತಿದ್ದಾನೆ. ಸಂಶಯ: ಇವನು ಇವನೇ ಹೌದೋ, ಅಲ್ಲವೋ?

ಪೂರ್ವಪಕ್ಷಿ ಹೇಳುತ್ತಾನೆ: ‘ಪಾಸ್‌ವರ್ಡ್ ಕೇಳಿದರಾಯಿತು.’ ಕೇಳಿದರೆ ಅದನ್ನು ಕಾಪಾಡುವ ಹೊಣೆಯೂ ಹೆಗಲೇರುತ್ತದೆ. ಬಂದವನೋ ಬ್ಯಾಂಕಿಗೂ ಸಿನಿಮಾ ಟಿಕೆಟ್ಟಿಗೂ ಒಂದೇ ಪಾಸ್‌ವರ್ಡ್ ಇಟ್ಟವನು. ಪೂರ್ವಪಕ್ಷಿಗಳಲ್ಲಿ ಇನ್ನೂ ಉಗ್ರವಾದ ಒಂದು ಪಂಥವಿತ್ತು. ‘ನಿಮ್ಮ ಸ್ನೇಹಿತರನ್ನು ಹುಡುಕಿಕೊಡುತ್ತೇವೆ, ನಿಮ್ಮ ಜಿಮೇಲ್ ಪಾಸ್‌ವರ್ಡನ್ನೇ ಇಲ್ಲಿ ಬರೆಯಿರಿ’ ಎಂದು ಅವರು ರಾಜಾರೋಷವಾಗಿ ಕೇಳುತ್ತಿದ್ದರು. ಜನ ಬರೆಯುತ್ತಲೂ ಇದ್ದರು. ಈ ಅನಾಚಾರ ನೋಡಲಾರದೆ 2007ರಲ್ಲಿ ಓಆಥ್ ಎಂಬ ಸೂತ್ರಗ್ರಂಥ ಹುಟ್ಟಿತು. ಅದಕ್ಕೂ ಮೊದಲೇ, 2005ರಲ್ಲಿ, ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ ಓಪನ್‌ಐಡಿ ಎಂಬ ದರ್ಶನವನ್ನು ಕಂಡಿದ್ದ. ಪ್ರತಿ ಮನುಷ್ಯನಿಗೂ ಒಂದೊಂದು ವೆಬ್ ವಿಳಾಸವೇ ಗುರುತಾಗಬೇಕೆಂಬ ಆ ಉದಾತ್ತ ಮತಕ್ಕೆ ಭಕ್ತರು ಕಡಿಮೆಯಾದರು.

ಓಆಥ್‌ನ ಎರಡನೇ ಆವೃತ್ತಿ 2012ರ ಅಕ್ಟೋಬರಿನಲ್ಲಿ ಆರ್‌ಎಫ್‌ಸಿ 6749 ಎಂಬ ಅಂಕಿತದಲ್ಲಿ ಬಂತು. ಅದಕ್ಕೆ ಮೂರು ತಿಂಗಳ ಮೊದಲು ಪ್ರಧಾನ ಸೂತ್ರಕಾರ ಎರನ್ ಹ್ಯಾಮರ್, ಇದು ಕೆಟ್ಟುಹೋಗಿದೆ, ನನ್ನ ಹೆಸರು ತೆಗೆಯಿರಿ ಎಂದು ಎದ್ದು ಹೋದ. ಕವಿರಾಜಮಾರ್ಗದ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂದು ನಮ್ಮ ವಿದ್ವಾಂಸರು ತಲೆಮಾರುಗಟ್ಟಲೆ ಕಾದಾಡಿದ್ದಾರೆ. ಕರ್ತೃವೇ ಬಂದು ‘ನಾನವನಲ್ಲ’ ಎಂದು ತಕರಾರು ತೆಗೆಯುವ ಭಾಗ್ಯ ಅವರಿಗೆ ದೊರೆಯಲಿಲ್ಲ.

ಈಗ ಸಿದ್ಧಾಂತ. ಸರ್ವರ್‌ಗೆ ಕಣ್ಣಿಲ್ಲ, ಆದ್ದರಿಂದ ಪ್ರತ್ಯಕ್ಷ ಪ್ರಮಾಣ ಬಿತ್ತು. ಐಪಿ ವಿಳಾಸ ಹಿಡಿದು ಅನುಮಾನ ಕಟ್ಟೋಣವೆಂದರೆ, ವಿಪಿಎನ್ ದೆಸೆಯಿಂದ ಹೊಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ, ಬೆಂಕಿ ಹೊಸಕೋಟೆಯಲ್ಲಿ, ಶುದ್ಧ ಹೇತ್ವಾಭಾಸ. ಉಳಿದದ್ದು ಶಬ್ದಪ್ರಮಾಣ, ಎಂದರೆ ಆಪ್ತರ ಮಾತು. ಮದುವೆ ಮನೆಯ ಬಾಗಿಲಲ್ಲಿ ‘ತಾವು ಯಾರ ಕಡೆಯವರು?’ ಎಂದು ಕೇಳುತ್ತಾರಲ್ಲ, ಹಾಗೆ. ‘ಗೂಗಲ್ ಕಡೆಯವರು’ ಎಂದರೆ ಒಳಗೆ ಬಿಡತಕ್ಕದ್ದು. ವಾತ್ಸ್ಯಾಯನನ ಪ್ರಕಾರ ಆಪ್ತನೆಂದರೆ ವಸ್ತುವನ್ನು ಸಾಕ್ಷಾತ್ತಾಗಿ ಬಲ್ಲವನು, ಬಲ್ಲದ್ದನ್ನು ಬಲ್ಲಂತೆ ಹೇಳಬಯಸುವವನು. (ನ್ಯಾಯಭಾಷ್ಯದ ವಾತ್ಸ್ಯಾಯನ, ಇನ್ನೊಬ್ಬನಿಗೂ ಲಾಗಿನ್‌ಗೂ ಸಂಬಂಧವಿಲ್ಲ.) ಗೂಗಲ್ ನಮ್ಮನ್ನು ಬಲ್ಲದೆಂಬುದು ನಿರ್ವಿವಾದ. ಯಾರು ಯಾರ ಮನೆಗೆ ಎಷ್ಟು ಹೊತ್ತಿಗೆ ಹೋದರೆಂಬುದೂ ಆಪ್ತನಿಗೆ ಗೊತ್ತಾಗುತ್ತದಲ್ಲ, ಅದರ ಗತಿಯೇನು ಎಂಬ ಪ್ರಶ್ನೆಯನ್ನು ಭಾಷ್ಯಕಾರ ಎತ್ತಿಲ್ಲ.

ಪ್ರಯೋಗವಿಧಿ: ಗುಂಡಿ ಒತ್ತಿದವನನ್ನು ಗೂಗಲ್ ಬಳಿ ಅಟ್ಟಬೇಕು. ಅಲ್ಲಿಂದ ಅವನು ಒಂದು ಕೋಡ್ ಹಿಡಿದು ಮರಳುತ್ತಾನೆ. ಅದರ ಆಯುಸ್ಸು ಹತ್ತು ನಿಮಿಷ ಮೀರಬಾರದೆಂದು ಸೂತ್ರದ ಸಲಹೆ; ಒಮ್ಮೆ ಬಳಸಿದ ಮೇಲೆ ಎಂಜಲು. ಸರ್ವರ್ ತನ್ನ ಗುಟ್ಟಿನ ಕೀಲಿಯನ್ನು ಜೊತೆಗಿಟ್ಟು ಆ ಕೋಡ್ ಕೊಟ್ಟು ಟೋಕನ್ ಪಡೆಯಬೇಕು. ಗುಟ್ಟಿನ ಕೀಲಿಯನ್ನು ಗಿಟ್‌ಹಬ್‌ನಲ್ಲಿ ಲೋಕಾರ್ಪಣೆ ಮಾಡುವ ಸಂಪ್ರದಾಯ ಕೆಲವು ಶಾಖೆಗಳಲ್ಲಿದೆ, ಅದು ಶಾಸ್ತ್ರಸಮ್ಮತವಲ್ಲ.

ಇಲ್ಲಿ ಅತಿಸೂಕ್ಷ್ಮವಾದದ್ದು ವಾಪಸಾತಿ ವಿಳಾಸ. ಗೂಗಲ್ ಕನ್ಸೋಲಿನಲ್ಲಿ ನೋಂದಾಯಿಸಿದ್ದೂ ಅಪ್ಲಿಕೇಶನ್ ಕಳಿಸಿದ್ದೂ ಅಕ್ಷರಕ್ಕಕ್ಷರ ಒಂದೇ ಇರಬೇಕು. ಎಚ್‌ಟಿಟಿಪಿಯ ಬಾಲದಲ್ಲಿ ಒಂದು ‘ಎಸ್’ ಬಿಟ್ಟುಹೋದರೆ, ಕೊನೆಯಲ್ಲಿ ಒಂದು ಓರೆಗೀಟು ಹೆಚ್ಚಾದರೆ, ದೋಷ 400. ತ್ವಷ್ಟೃ ಇಂದ್ರನನ್ನು ಕೊಲ್ಲುವ ಮಗನಿಗಾಗಿ ಹೋಮ ಮಾಡಿ, ‘ಇಂದ್ರಶತ್ರು’ ಎನ್ನುವಾಗ ಸ್ವರ ತಪ್ಪಿದ್ದರಿಂದ ಇಂದ್ರನೇ ಮಗನನ್ನು ಕೊಂದನೆಂದು ವೈಯಾಕರಣರು ಎಚ್ಚರಿಸುತ್ತಾರೆ. ಸ್ವರ ತಪ್ಪಿತೆಂದು ತ್ವಷ್ಟೃವಿಗೆ ಕೊನೆಗಾದರೂ ಗೊತ್ತಾಯಿತು. ನಮ್ಮ ಪ್ರೋಗ್ರಾಮರ ಗೀಟು ಅವನ ಲ್ಯಾಪ್‌ಟಾಪಿನಲ್ಲಿ ಸರಿಯಾಗಿಯೇ ಇರುತ್ತದೆ, ಲೈವ್ ಸರ್ವರಿಗೆ ಏರಿಸಿದಾಗ ಮಾತ್ರ ತಪ್ಪುತ್ತದೆ.

ಟೋಕನ್ ಬಂದ ಮೇಲೆ ನಿಜವಾದ ತತ್ತ್ವಶಾಸ್ತ್ರ ಶುರು. ಬಂದವನ ಸ್ವರೂಪವೇನು? ಇಮೇಲೇ ಆತ್ಮವೆಂದು ಒಂದು ಮತ. ಆದರೆ ಇಮೇಲ್ ಬದಲಾಗುತ್ತದೆ. ಕೆಲಸ ಬಿಟ್ಟವನ ಕಚೇರಿ ವಿಳಾಸ ಹೊಸಬನ ದೇಹವನ್ನು ಸೇರುವುದೂ ಉಂಟು. ಫೋನ್ ನಂಬರಿನಿಂದ ಖಾತೆ ತೆರೆದ ಫೇಸ್‌ಬುಕ್ ಬಳಕೆದಾರನಿಗೆ ಇಮೇಲೇ ಇರದಿರಬಹುದು. ಆದ್ದರಿಂದ 2014ರ ಓಪನ್‌ಐಡಿ ಕನೆಕ್ಟ್ ‘ಸಬ್’ ಎಂಬ ಬದಲಾಗದ ಗುರುತನ್ನು ಉಪದೇಶಿಸಿತು. ಅದು ನಿರ್ಗುಣ, ನಿರಾಕಾರ, ನೆನಪಿಡಲು ಅಸಾಧ್ಯ. ಆತ್ಮಕ್ಕೆ ಬೇಕಾದ ಸಕಲ ಲಕ್ಷಣಗಳೂ ಇವೆ.

ಸೋಮವಾರ ಗೂಗಲ್‌ನಿಂದ ಬಂದವನು ಮಂಗಳವಾರ ಫೇಸ್‌ಬುಕ್‌ನಿಂದ ಬಂದರೆ ಒಬ್ಬನೋ ಇಬ್ಬರೋ? ಶೃಂಗೇರಿಯವರೂ ಉಡುಪಿಯವರೂ ಇಲ್ಲಿ ಕುರ್ಚಿ ಎಳೆದುಕೊಂಡು ಕೂರಬಹುದು. ವೆಬ್ ಅಪ್ಲಿಕೇಶನ್ನುಗಳು ಹುಟ್ಟಿನಿಂದಲೇ ದ್ವೈತಿಗಳು. ಎರಡು ಖಾತೆ ತೆರೆದು, ಸೋಮವಾರದ ಆರ್ಡರ್ ಮಂಗಳವಾರದವನಿಗೆ ಕಾಣದಂತೆ ನೋಡಿಕೊಳ್ಳುತ್ತವೆ. ಇಮೇಲ್ ಒಂದೇ ಎಂದು ಅವಸರದಲ್ಲಿ ಅದ್ವೈತಕ್ಕೆ ಹಾರಿದರೆ ಅಪಾಯ. ಇಮೇಲ್ ದೃಢಪಟ್ಟಿದೆಯೇ ಎಂದು ಆಪ್ತನನ್ನು ಕೇಳದೆ ಖಾತೆಗಳನ್ನು ಕೂಡಿಸಿದ ಕಡೆ, ಯಾರದೋ ಇಮೇಲ್ ಬರೆದುಕೊಂಡ ಕಳ್ಳನೂ ಪರಮಾತ್ಮನಲ್ಲಿ ಲೀನನಾಗುತ್ತಾನೆ.

ಆಪ್ತರ ದೋಷಗಳನ್ನೂ ಹೇಳಬೇಕು. ಆಪಲ್ ಬಂದವನ ಹೆಸರನ್ನು ಮೊದಲ ಸಲ ಮಾತ್ರ ಹೇಳುತ್ತದೆ, ಆಗ ಬರೆದಿಟ್ಟುಕೊಳ್ಳದವರಿಗೆ ಎರಡನೆಯ ಉಪದೇಶವಿಲ್ಲ. ಫೇಸ್‌ಬುಕ್ 2021ರ ಅಕ್ಟೋಬರ್ 4ರಂದು ಸುಮಾರು ಆರು ಗಂಟೆ ಮೂರ್ಛೆ ಹೋದಾಗ, ಅದರ ಮಾತಿನ ಮೇಲೆ ಒಳಬರುತ್ತಿದ್ದವರು ಬೇರೆ ಬೇರೆ ತಾಣಗಳ ಹೊಸ್ತಿಲಲ್ಲೇ ನಿಂತರು. ಎಲ್ಲ ಆಪ್ತರನ್ನೂ ಸಾಲಾಗಿ ನಿಲ್ಲಿಸಿ ನಾಲ್ಕು ಗುಂಡಿ ಇಡೋಣವೆಂದರೆ, ಹೋದ ಸಲ ಯಾವುದನ್ನು ಒತ್ತಿದ್ದೆನೆಂಬುದೇ ಬಂದವನಿಗೆ ಮರೆತಿರುತ್ತದೆ.

ಸಂಗತಿ: ಇದರ ಬೆನ್ನಿಗೇ ನಿರ್ಗಮನಾಧಿಕರಣ ಬರಬೇಕು. ಬಳಕೆದಾರ ಲಾಗ್‌ಔಟ್ ಒತ್ತುತ್ತಾನೆ, ತಾಣ ಅವನನ್ನು ಹೊರಗೆ ಕಳಿಸುತ್ತದೆ. ಗೂಗಲ್ ಅವನನ್ನು ಇನ್ನೂ ಬಿಟ್ಟಿರುವುದಿಲ್ಲವಾದ್ದರಿಂದ, ಅದೇ ಗುಂಡಿ ಮತ್ತೊಮ್ಮೆ ಒತ್ತಿದರೆ ಏನೂ ಕೇಳದೆ ಒಳಗೇ ಬಂದು ಬೀಳುತ್ತಾನೆ. ಹೀಗಿರುವಾಗ ಆ ಅಧಿಕರಣದ ವಿಷಯವೇ ಅಸಿದ್ಧ. ಬರೆಯುವ ಶ್ರಮ ಉಳಿಯಿತು.