ಕರ್ಣನ ಕಾಗದವನ್ನು ಮಕ್ಕಳೇ ಬರೆಯಲಿ

ಹೊಸದಾಗಿ ಹೈಸ್ಕೂಲಿಗೆ ಬಂದಿರುವ ಕನ್ನಡ ಮೇಷ್ಟ್ರಿಗೆ, ಕನ್ನಡ ಮೇಡಂ ಅವರಿಗೆ,

ವೇಳಾಪಟ್ಟಿ, ಪಾಠಯೋಜನೆ, ಅಂಕವಹಿ ಎಲ್ಲ ಈಗಾಗಲೇ ನಿಮ್ಮ ಕೈ ಸೇರಿರುತ್ತವೆ. ಅವುಗಳಲ್ಲಿ ‘ಚಟುವಟಿಕೆ’ ಎಂಬ ಒಂದು ಕಾಲಂ ಇದೆ. ಈ ಪತ್ರ ಅದರ ಬಗ್ಗೆಯೇ.

ಆ ಕಾಲಂ ತುಂಬಿಸಲು ನಮ್ಮಲ್ಲಿ ಒಂದು ರೂಢಿ ಬೆಳೆದುಬಿಟ್ಟಿದೆ. ಎಂಟು ಜ್ಞಾನಪೀಠ ಪುರಸ್ಕೃತರ ಚಾರ್ಟ್ ಮಾಡಿಕೊಂಡು ಬನ್ನಿ, ಕವಿಯ ಭಾವಚಿತ್ರ ಅಂಟಿಸಿ ಪರಿಚಯ ಬರೆಯಿರಿ ಎನ್ನುತ್ತೇವೆ. ಚಿತ್ರ ಬುಕ್‌ಸ್ಟಾಲಿನಿಂದ ಬರುತ್ತದೆ, ಪರಿಚಯ ಗೈಡಿನಿಂದ ಬರುತ್ತದೆ, ದುಂಡಗಿನ ಅಕ್ಷರ ಅಕ್ಕನದೋ ಅಮ್ಮನದೋ ಆಗಿರುತ್ತದೆ. ಮಗುವಿನ ಸ್ವಂತದ್ದೆನ್ನುವ ಒಂದು ವಾಕ್ಯವೂ ಅಲ್ಲಿ ಸಿಗುವುದಿಲ್ಲ. ಮಗು ತಾನೇ ಯೋಚಿಸಿ, ತನ್ನದೇ ಮಾತಿನಲ್ಲಿ ನಾಲ್ಕು ಸಾಲು ಬರೆಯದಿದ್ದರೆ ಅದನ್ನು ಸಾಹಿತ್ಯದ ಚಟುವಟಿಕೆ ಎಂದು ನಾನು ಒಪ್ಪುವುದಿಲ್ಲ.

ಹತ್ತನೆಯ ತರಗತಿಯಲ್ಲಿ ಕುಮಾರವ್ಯಾಸನ ಪದ್ಯಭಾಗ ಪಾಠ ಮಾಡಿದ್ದೇನೆ. ಕೃಷ್ಣ ಕರ್ಣನಿಗೆ ಜನ್ಮರಹಸ್ಯ ತಿಳಿಸುವ ಸಂದರ್ಭ. ಭಾವಾರ್ಥ ಬರೆಸುವ ಮೊದಲು ಮಕ್ಕಳಿಗೆ ಒಂದು ಕೆಲಸ ಕೊಟ್ಟೆ: ಆ ರಾತ್ರಿ ಕರ್ಣ ತನ್ನ ತಾಯಿಗೆ ಒಂದು ಕಾಗದ ಬರೆದಿದ್ದರೆ ಏನು ಬರೆಯುತ್ತಿದ್ದ? ಪತ್ರಲೇಖನವೂ ಪಠ್ಯದಲ್ಲೇ ಇದೆಯಲ್ಲ, ಎರಡೂ ಒಟ್ಟಿಗೆ ಆಗಲಿ ಎಂದುಕೊಂಡಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ‘ಸಾರ್, ಮಾತೃಶ್ರೀ ಅಂತ ಯಾರಿಗೆ ಬರೀಬೇಕು? ಕುಂತಿಗಾ, ರಾಧೆಗಾ?’ ಇಡೀ ತರಗತಿ ಎರಡು ಪಾಲಾಯಿತು. ಹೆತ್ತವಳು ಕುಂತಿಯಲ್ಲವೇ ಎಂದರು ಕೆಲವರು. ಸಾಕಿದವಳನ್ನು ಬಿಟ್ಟು ಇವಳಿಗೆ ಹೇಗೆ ಬರೆಯುತ್ತಾನೆ ಎಂದು ಉಳಿದವರು ಜಗಳಕ್ಕೇ ನಿಂತರು. ‘ಕುಂತಿಗೆ ಮಹಾರಾಣಿಯವರಿಗೆ ಅಂತಲೇ ಬರೀತಾನೆ’ ಎಂದಳು ಒಬ್ಬ ಹುಡುಗಿ. ಕರ್ಣನ ಸಂಕಟ ಏನೆಂದು ನಾನು ವಿವರಿಸುವ ಅಗತ್ಯವೇ ಬೀಳಲಿಲ್ಲ.

ಛಂದಸ್ಸಿಗೂ ಇದೇ ಮಾತು. ಪ್ರಸ್ತಾರ ಹಾಕಿಸುವುದಕ್ಕೆ ಮೊದಲು ಭಾಮಿನಿ ಷಟ್ಪದಿಯ ಮೂರು-ನಾಲ್ಕು ಮಾತ್ರೆಯ ಗತಿಗೆ ಮಕ್ಕಳಿಂದ ಚಪ್ಪಾಳೆ ತಟ್ಟಿಸಿ. ಎರಡು ಪದ್ಯ ಮುಗಿಯುವಷ್ಟರಲ್ಲಿ ಮೂರನೆಯ ಮತ್ತು ಆರನೆಯ ಸಾಲು ಉದ್ದ ಎಂಬುದನ್ನು ಅವರ ಕಿವಿಯೇ ಹೇಳುತ್ತದೆ. ಕುಮಾರವ್ಯಾಸನದು ಗಮಕಿಗಳ ಬಾಯಲ್ಲಿ ಶತಮಾನಗಳಿಂದ ಕೇಳುತ್ತ ಬಂದ ಕಾವ್ಯ. ಕಪ್ಪುಹಲಗೆಯ ಮೇಲಿನ ಲಘು-ಗುರುಗಳಿಂದಲೇ ಅದನ್ನು ಶುರುಮಾಡಿದರೆ ಮಕ್ಕಳಿಗೆ ಸಿಗುವುದು ಲೆಕ್ಕ ಮಾತ್ರ.

ಇನ್ನು ಗಾದೆ ವಿಸ್ತರಣೆ. ‘ಗಾದೆಗಳು ವೇದಕ್ಕೆ ಸಮಾನ’ ಎಂದೇ ಶುರುವಾಗುವ ನಲವತ್ತು ಉತ್ತರಗಳನ್ನು ನೀವೂ ತಿದ್ದಬೇಕಾಗುತ್ತದೆ. ಆ ಸಾಲನ್ನು ಬಿಡಿಸಿ. ಈ ಗಾದೆಯನ್ನು ನಿಮ್ಮ ಮನೆಯಲ್ಲಿ ಯಾರು, ಯಾರಿಗೆ, ಯಾವಾಗ ಹೇಳಿದರು ಎಂದು ಕೇಳಿ. ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂಬುದಕ್ಕೆ ನನ್ನ ವಿದ್ಯಾರ್ಥಿನಿಯೊಬ್ಬಳು, ಬೇಲಿಯ ವಿಷಯಕ್ಕೆ ಪಂಚಾಯ್ತಿ ಕಟ್ಟೆ ಹತ್ತಿ ಬಂದ ದೊಡ್ಡಪ್ಪನಿಗೆ ಅಜ್ಜಿ ಬೈದದ್ದನ್ನು ಬರೆದಿದ್ದಳು. ಅಜ್ಜಿಯ ಬೈಗುಳ ಅವಳ ಊರಿನ ಮಾತಿನಲ್ಲೇ ಇತ್ತು. ಅದನ್ನು ನಾನು ‘ಗ್ರಾಂಥಿಕ’ಕ್ಕೆ ತಿದ್ದಲಿಲ್ಲ. ನಂಜನಗೂಡು ಸೀಮೆಯ ಆಡುಮಾತಿನಲ್ಲಿ ದೇವನೂರ ಮಹಾದೇವ ಬರೆದ ‘ಕುಸುಮಬಾಲೆ’ಗೆ 1990ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಮನೆಮಾತಿಗೆ ನಾಚುವುದನ್ನು ನಾವು ಮಕ್ಕಳಿಗೆ ಕಲಿಸಬಾರದು.

ಪೋರ್ಷನ್ ಮುಗಿಯಬೇಡವೇ ಎಂದು ನೀವು ಕೇಳಬಹುದು. ಮುಗಿಯಲೇಬೇಕು. ಕರ್ಣನ ಕಾಗದಕ್ಕೆ ಹಿಡಿದದ್ದು ಎರಡು ಪೀರಿಯಡ್. ಅಷ್ಟರಲ್ಲಿ ಪದ್ಯದ ತಿರುಳೂ ಪತ್ರದ ನಮೂನೆಯೂ ಮುಗಿದವು. ಪರೀಕ್ಷೆಯಲ್ಲಿ ಕರ್ಣನ ತಳಮಳವನ್ನು ವಿವರಿಸಿ ಎಂಬ ಪ್ರಶ್ನೆ ಬಂದರೆ ಆ ಮಕ್ಕಳಿಗೆ ಗೈಡು ಬೇಕಾಗುವುದಿಲ್ಲ.

1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಮೊದಲಾಗಿ ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿ, ಚಿಕ್ಕ ತರಗತಿಗಳ ಮಕ್ಕಳನ್ನು ಗುಂಪಾಗಿ ಕೂರಿಸಿ, ಹಾಡಿಸಿ, ಮಾತಾಡಿಸಿತು. ಹಾಗೆ ಕಲಿತ ಮಕ್ಕಳೇ ಹೈಸ್ಕೂಲಿಗೆ ಬಂದು ಕೈಕಟ್ಟಿ ನೋಟ್ಸ್ ಬರೆದುಕೊಳ್ಳುತ್ತಾರೆ. ಬರೆಯುವ ಬಯಕೆ ಹುಟ್ಟುವ ವಯಸ್ಸಿನಲ್ಲೇ ನಾವು ಅವರ ಮಾತನ್ನು ನಿಲ್ಲಿಸುತ್ತಿದ್ದೇವೆ. ಇದು ನನ್ನನ್ನು ನಿಜವಾಗಿಯೂ ನೋಯಿಸುವ ಸಂಗತಿ.

ಆದ್ದರಿಂದ ನಿಮ್ಮಲ್ಲಿ ಮೂರು ಬಿನ್ನಹಗಳಿವೆ. ತಿಂಗಳಿಗೊಂದು ಪಾಠವನ್ನಾದರೂ ಹೀಗೆ ಮಾಡಿ. ಮಗುವಿನ ಮೊದಲ ಕರಡಿನ ಮೇಲೆ ಕೆಂಪು ಪೆನ್ನು ಆಡಿಸಬೇಡಿ. ಮೊದಲು ಓದಿಸಿ ಕೇಳಿ, ಕಾಗುಣಿತವನ್ನು ಎರಡನೆಯ ಸಲ ತಿದ್ದಿ. ಬರೆದದ್ದು ಕಪಾಟಿನಲ್ಲಿ ಉಳಿಯದೆ ಗೋಡೆ ಪತ್ರಿಕೆಗೆ ಬರಲಿ, ಬೇರೆ ತರಗತಿಯವರೂ ನಿಂತು ಓದಲಿ. ಇದಕ್ಕೆ ಅನುದಾನ ಬೇಡ, ಸ್ಮಾರ್ಟ್ ಬೋರ್ಡ್ ಬೇಡ. ಒಂದು ಹಾಳೆ, ಒಂದು ಒಳ್ಳೆಯ ಪ್ರಶ್ನೆ, ಕೇಳಿಸಿಕೊಳ್ಳುವ ಮೇಷ್ಟ್ರು ಇದ್ದರೆ ಸಾಕು. ಈ ವರ್ಷದಿಂದಲೇ ಶುರುಮಾಡಿ.

ಇಂತಿ ನಿಮ್ಮ,
ಒಬ್ಬ ಕನ್ನಡ ಮೇಷ್ಟ್ರು